ಸಪ್ಪಳ ಯಾರದು, ಕಿವಿ ಯಾರದು?

ಅವ್ವ ಮುಂಡರಗಿ ಕಡೆಯಿಂದ ಬಂದಿದ್ದಳು. ಬೆಂಗಳೂರಿನ ಬಾಗಲೂರಲ್ಲಿರೋ ನಮ್ಮ ಬಾಡಿಗೆ ಮನೆಯ ಮೇಲೆ ವಿಮಾನ ಹಾದು ಹೋದಾಗ ಕೇಳಿದಳು: "ಒಳಗ ಕುಂತವರಿಗೂ ಇಷ್ಟ ಸಪ್ಪಳ ಕೇಳತೈತೇನೋ?"

"ಕೇಳತೈತಿಬೇ. ಆದ್ರ ಅವರು ಇಳದು ಹೋಗ್ತಾರ."

"ಹಂಗಾದ್ರ ಕೆಳಗ ಇರೋರ ಸಲುವಾಗಿ ಯಾರರ ರೊಕ್ಕ ಹಾಕ್ತಾರೇನು?"

ಹಾಕ್ತಾರೆ. 2005ರಲ್ಲಿ ಬೋಯಿಂಗ್, ಜಿಇ, ಗುಡ್‌ರಿಚ್, ನಾಸಾ ಮತ್ತು ಜಪಾನಿನ ಎಎನ್‌ಎ ಸೇರಿ ಒಂದು 777 ವಿಮಾನವನ್ನು ಇದಕ್ಕಾಗಿಯೇ ಹಾರಿಸಿ ಪರೀಕ್ಷಿಸಿದವು. ಎಂಜಿನ್ನಿನ ಹಿಂಬಾಯಿಗೆ ಗರಗಸದಂಥ ಹಲ್ಲು ಕೂರಿಸಿದರೆ ಹೊರಬರುವ ಬಿಸಿಗಾಳಿ ಸುತ್ತಲಿನ ಗಾಳಿಯೊಂದಿಗೆ ಮೆಲ್ಲಗೆ ಬೆರೆಯುತ್ತದೆ, ಗರ್ಜನೆ ತಗ್ಗುತ್ತದೆ. ಇಂದಿನ 787ರಲ್ಲಿ ಆ ಹಲ್ಲು ಕಣ್ಣಿಗೇ ಕಾಣುತ್ತವೆ. ಅಮೆರಿಕ ಸರ್ಕಾರ 2010ರಿಂದ ನಡೆಸುತ್ತಿರುವ ‘ಕ್ಲೀನ್’ ಯೋಜನೆಯಲ್ಲಿ ಸರ್ಕಾರ ಎಷ್ಟು ಹಾಕುತ್ತದೋ ಕನಿಷ್ಠ ಅಷ್ಟನ್ನು ಕಂಪನಿಯೂ ಹಾಕಬೇಕು.

ಇದು ಕರುಣೆಯೇ? ಅಲ್ಲ. ಅಂತರರಾಷ್ಟ್ರೀಯ ನಿಯಮ ಬಂದದ್ದು 1971ರಲ್ಲಿ. 2017ರ ಕೊನೆಯಿಂದ ಹೊಸ ಮಾದರಿಯ ದೊಡ್ಡ ವಿಮಾನಗಳಿಗೆ ಮಿತಿಯನ್ನು ಒಟ್ಟು 7 ಡೆಸಿಬೆಲ್ ಇಳಿಸಿದರು. ಲಂಡನ್ನಿನ ಹೀಥ್ರೋದಲ್ಲಿ ಹೆಚ್ಚು ಸಪ್ಪಳದ ವಿಮಾನ ಇಳಿದರೆ ಶುಲ್ಕವೂ ಹೆಚ್ಚು. ನಿಲ್ದಾಣದ ಸುತ್ತಲಿನ ಜನ ಜಗಳಾಡಿದರು, ಆಮೇಲೆ ಅವರ ನಿದ್ದೆ ಕಂಪನಿಯ ಲೆಕ್ಕದ ಪುಸ್ತಕಕ್ಕೆ ಬಂತು.

ಒತ್ತಾಯಕ್ಕೆ ಮಾಡಿದ ಒಳ್ಳೆಯದು ಒಳ್ಳೆಯದೇ? ಮೊದಲು ನನಗೆ ಇದು ಕಸಿವಿಸಿ ಮಾಡುತ್ತಿತ್ತು. ಈಗ ಅನಿಸೋದು ಬೇರೆ: ಮಲಗಿದ ಕೂಸಿಗೆ ಕಂಪನಿಯ ಮನಸ್ಸು ಬೇಕಾಗಿಲ್ಲ, ಸಪ್ಪಳ ಕಡಿಮೆಯಾದರೆ ಸಾಕು. ನಾವು ಸಾಫ್ಟ್‌ವೇರ್‌ನವರೂ ಅಷ್ಟೇ. ರೊಕ್ಕ ಕೊಟ್ಟ ಯೂಸರ್‌ನ ತಕರಾರು ಬಗ್ ಆಗುತ್ತದೆ, ಬಳಸದೇ ತೊಂದರೆ ಉಣ್ಣುವವನದು ಪಟ್ಟಿಗೇ ಬರುವುದಿಲ್ಲ.

ಬೆಟಗೇರಿಯ ನೇಕಾರನಿಗೆ ಮಗ್ಗದ ಸಪ್ಪಳವೇ ಅನ್ನ. ಸಪ್ಪಳವೂ ಅವನದೇ, ಕಿವಿಯೂ ಅವನದೇ. ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳ ಮಾತು ಹಾಗಲ್ಲ. ಕರೆಂಟು ದೂರ ಹೋಗುತ್ತದೆ, ಸಪ್ಪಳ ಗುಡ್ಡದ ಬುಡದಲ್ಲೇ ಉಳಿಯುತ್ತದೆ. ಅದಕ್ಕೂ ಮದ್ದಿದೆ: ನಾವು ಅಪಶಕುನ ಅನ್ನುವ ಗೂಬೆಯ ರೆಕ್ಕೆ ನೋಡಿ ಕಲಿತು, ಗಾಳಿಯಂತ್ರದ ರೆಕ್ಕೆಯ ಅಂಚಿಗೂ ಗರಗಸದ ಹಲ್ಲು ಕೂರಿಸುತ್ತಾರೆ. ವಿದ್ಯೆ ಇದೆ, ರೊಕ್ಕವೂ ಇದೆ. ಬೇಕು ಅಂತ ಕೇಳುವ ದನಿ ಬೇಕು.

ಮುಂದಿನ ಸಲ ಊರಿಗೆ ಹೋದಾಗ ಗುಡ್ಡದ ಬುಡದ ಒಂದು ಮನೆಯಲ್ಲಿ ರಾತ್ರಿ ಉಳಿದು, ಅವ್ವ ಕೇಳಿದ್ದನ್ನೇ ಅವರಿಗೂ ಕೇಳಬೇಕು ಅಂದುಕೊಂಡೇನಿ.