ಸಂಸಾರ ನಿಂತಿದೆ ಅಂದ್ರೆ ಏನು?

ಝಳಕಿಯಿಂದ ವಿಜಯಪುರಕ್ಕೆ ಹೋಗುವ ಬೆಳಗಿನ ಬಸ್ಸು. ತುಂಬಾ ಕಾಲೇಜು ಹುಡುಗಿಯರು, ಟೀಚರುಗಳು, ನರ್ಸುಗಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವರನ್ನೆಲ್ಲ ಒಮ್ಮೆ ನೋಡಿ, "ನೌಕರಿ ಹಿಡದ್ಲಂದ್ರ ಹೆಣ್ಮಗಳ ಗುಣಾನೇ ಬದಲಾಗ್ತದ್ರಿ. ಎದುರು ಮಾತಾಡ್ತಾಳ. ಸಂಸಾರ ನಿಲ್ಲಂಗಿಲ್ಲ" ಅಂದರು. ಮಗನಿಗೆ ಹೆಣ್ಣು ನೋಡ್ತಾ ಇದ್ದಾರಂತೆ. ನಾನು ಸುಮ್ಮನೆ ಹೂಂ ಅಂದೆ. ಆ ಹೂಂ ಆಮೇಲೆ ಚುಚ್ಚತೊಡಗಿತು.

ನಮ್ಮ ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾಯ್ತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರಿಟ್ಟರು. ಗಂಡನ ಮನೆ ಬಿಟ್ಟು ನಡೆದವಳ ಹೆಸರು! ಹರಿಹರನ ರಗಳೆಯಲ್ಲಿ ಆಕೆ ಕೌಶಿಕನಿಗೆ ಮೊದಲೇ ಷರತ್ತು ಹಾಕಿರ್ತಾಳೆ, ಅವನು ಮುರೀತಾನೆ, ಆಕೆ ಹೊರಡ್ತಾಳೆ. ಹಾಗಾದ್ರೆ ಯಾರ ಗುಣದಿಂದ ಆ ಮದುವೆ ಮುರೀತು? ಅಕ್ಕನ ಫೋಟೋಕ್ಕೆ ಹೂ ಹಾಕುವ ನಾವು ಈ ಪ್ರಶ್ನೆ ಕೇಳಿಕೊಳ್ಳೋದೇ ಇಲ್ಲ.

ಬಾಗೇವಾಡಿಯ ಬಸವಣ್ಣ ಕಟ್ಟಿದ ಕಲ್ಯಾಣದಲ್ಲಿ ದುಡಿಯುವ ಹೆಂಗಸರಿಗೇನು ಬರ ಇರಲಿಲ್ಲ. ಕದಿರ ರೆಮ್ಮವ್ವೆ ನೂಲು ತೆಗೀತಿದ್ದಳು, ಸತ್ಯಕ್ಕ ಅಂಗಳ ಗುಡಿಸ್ತಿದ್ದಳು. ಇನ್ನು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರೋನು. ಒಂದಿನ ಎಂದಿಗಿಂತ ಹೆಚ್ಚು ತಂದ. ಇಷ್ಟು ಆಸೆ ನಮಗ್ಯಾಕೆ, ಅಲ್ಲೇ ಸುರಿದು ಬಾ ಅಂದಳು. ಎದುರು ಮಾತು ಅಂದ್ರೆ ಇದೇ ತಾನೇ? ಮಾರಯ್ಯ ಹೊಳ್ಳಿ ಹೋಗಿ ಸುರಿದು ಬಂದ. ಆ ಸಂಸಾರ ಉಳಿದದ್ದರಲ್ಲಿ ಅವನ ಕಿವಿಗೂ ಪಾಲಿದೆ ಅಂತ ನನ್ನ ಲೆಕ್ಕ.

ಹಾಗಂತ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಕೈಯಲ್ಲಿ ಸಂಬಳ ಇದ್ದವಳು ಬಿಟ್ಟು ಹೋಗಬಲ್ಲಳು. ಇಲ್ಲದವಳು ತವರಿಗೆ ಹೊರೆಯಾಗ್ತೀನಿ ಅಂತ ಹಲ್ಲು ಕಚ್ಚಿ ಉಳೀತಾಳೆ. ನಾವು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ, ಉಳಿದವಳ ಸಂಸಾರ ಗಟ್ಟಿ ಅಂತೀವಿ. ನಮ್ಮಜ್ಜಿ 50 ವರ್ಷ ಸಂಸಾರ ಮಾಡಿದರು. ಅಜ್ಜನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಗಿತ್ತೋ ಮನೆಯಲ್ಲಿ ಯಾರೂ ಲೆಕ್ಕ ಇಟ್ಟಿರಲಿಲ್ಲ. ರೊಟ್ಟಿಯ ತಾಟು ಮುಂದಿಟ್ಟು ಒಳಗೆ ಹೋಗಿಬಿಡ್ತಿದ್ದರು. ಊರಲ್ಲಿ ಯಾರ ಮದುವೆಯಾದ್ರೂ ಹೊಸ ಜೋಡಿಗೆ ಅಕ್ಷತೆ ಹಾಕಿ ಹರಸೋಕೆ ಮೊದಲು ಕರೀತಿದ್ದದ್ದು ಇವರಿಬ್ಬರನ್ನೇ.

ಇಳಿಯುವಾಗ ಹಿರಿಯರು ನಂಬರ್ ಕೊಟ್ಟು, "ಛಲೋ ಹುಡುಗಿ ಇದ್ರ ಹೇಳ್ರಿ" ಅಂದರು. ನನಗೊಬ್ಬಳು ಗೊತ್ತು, ಇಂಡಿಯಲ್ಲಿ ಟೀಚರ್. ಆದ್ರೆ ಮೊದಲು ಆ ಹುಡುಗನ್ನ ಒಮ್ಮೆ ನೋಡಬೇಕು.