ಕುಂಟೆಯ ಅಗಲ, ಆಸೆಯ ಅಗಲ

ಹೆಚ್ಚು ಬೇಕೆನ್ನುವುದು ಯಾವಾಗ ತಪ್ಪಾಗುತ್ತದೆ? 12ನೇ ಶತಮಾನದ ಕಲ್ಯಾಣದಲ್ಲಿ ಮಾರಯ್ಯ ಒಂದು ದಿನ ಅಗತ್ಯ ಮೀರಿ ಅಕ್ಕಿ ಆಯ್ದು ತಂದಾಗ, ಅವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳಿಸಿದಳೆನ್ನುತ್ತದೆ ಶರಣ ಪರಂಪರೆ. ಇದನ್ನು ಬಡತನದ ವೈಭವೀಕರಣವೆಂದು ಓದುವವರಿದ್ದಾರೆ. ನನಗೆ ಕಾಣುವುದು ಅಳತೆಯ ವಿವೇಕ. ಹೊಲಕ್ಕೂ ಅದೇ ವಿವೇಕ ಬೇಕು: ಬೀದರ್ ಜಿಲ್ಲೆಯ ಭಾಲ್ಕಿ, ಔರಾದದ ಎರೆಹೊಲದಲ್ಲಿ 25 ಎಚ್‌ಪಿಯ ಚಿಕ್ಕ ಟ್ರ್ಯಾಕ್ಟರಿಗೆ 6 ಅಡಿಯ ರೋಟವೇಟರ್ ಕಟ್ಟಿದರೆ ಎಂಜಿನ್ ಏದುಸಿರು ಬಿಡುತ್ತದೆ, ಉಳುಮೆ ಮೇಲುಮೇಲಾಗುತ್ತದೆ. ಭಾರದ ಸಲಕರಣೆ ಎತ್ತಿದಾಗ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಅಂಥ ಟ್ರ್ಯಾಕ್ಟರಿಗೆ 4 ಅಡಿಯದೇ ಸರಿಜೋಡಿ.

ಮುಂಗಾರು ಕಾಯುವುದಿಲ್ಲ, ಸೋಯಾ ಬಿತ್ತಲು ಸಿಗುವುದು ಕೆಲವೇ ದಿನ, ಅಗಲವಾದದ್ದು ಬೇಗ ಮುಗಿಸುತ್ತದಲ್ಲ ಎನ್ನಬಹುದು. ವಾದ ಬಲವಾದದ್ದೇ. ಆದರೆ ಆ ವೇಗ ಎಳೆಯುವ ಶಕ್ತಿ ಉಳಿದಿದ್ದರೆ ಮಾತ್ರ. ಹಸಿ ಎರೆಯಲ್ಲಿ ಗಾಲಿ ಜಾರಿದರೆ ಡೀಸೆಲ್ ಉರಿಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಹಾಗಾದರೆ ಚಿಕ್ಕದೇ ಧರ್ಮವೇ? ಅದೂ ಅಲ್ಲ. ಹಿಂದಿನ ಗಾಲಿಗಳ ಜಾಡನ್ನು ಮುಚ್ಚದಷ್ಟು ಕಿರಿದಾದ ಸಲಕರಣೆ ತಾನೇ ತುಳಿದ ನೆಲವನ್ನು ಬಿಗಿಯಾಗಿಯೇ ಬಿಟ್ಟು ಹೋಗುತ್ತದೆ. ಬೀದರ್ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಲೆಕ್ಕವೇ ಬೇರೆ: ಅದೇ ಟ್ರ್ಯಾಕ್ಟರ್ ಕೆಲವೆಡೆ ಇನ್ನೊಂದು ಹಲ್ಲು ಹೆಚ್ಚಿರುವ ಕುಂಟೆ ಎಳೆದೀತು, ಕಲ್ಲು ಸಿಕ್ಕಲ್ಲಿ ಇದ್ದುದನ್ನೇ ಎಳೆಯದು. ಸಾಕು ಎನ್ನುವುದನ್ನು ಅಂಗಡಿಯಲ್ಲಾಗಲಿ ಪ್ರವಚನದಲ್ಲಾಗಲಿ ಮುಂಚಿತವಾಗಿ ನಿಗದಿ ಮಾಡಲಾಗದು, ಹೊಲವನ್ನೂ ಕೇಳಬೇಕು.