ಮರುದಿನವಾದರೂ ಹೋಗಬಹುದಿತ್ತು

ಒಂದೇ ಚಾಪೆಯಲ್ಲಿ ಮಲಗಿ, ಒಂದೇ ಮದ್ರಸದಲ್ಲಿ ಅಲಿಫ್ ಬಾ ಕಲಿತ ಅಕ್ಕ ತಂಗಿ ಅವರು. ಮದುವೆಯ ಬಳಿಕ ತಂಗಿ ಕುರ್‌ಆನ್ ತರಗತಿಗೆ ಹೋಗತೊಡಗಿದಳು. ಐದು ಹೊತ್ತಿನ ನಮಾಝ್ ರೂಢಿಯಾಯಿತು. ಹರಕೆ, ಉರೂಸ್‌ಗಳನ್ನು ಬಿಟ್ಟಳು. ಅಕ್ಕ ಹಿರಿಯರಿಂದ ಬಂದುದನ್ನೇ ನಡೆಸಿಕೊಂಡು ಬಂದಳು. ತಾಯಿ ತೀರಿಕೊಂಡ 40ನೇ ದಿನ ಅಕ್ಕನ ಮನೆಯಲ್ಲಿ ಮೌಲೂದ್ ಇತ್ತು. ತಂಗಿ ಬರಲಿಲ್ಲ. ‘ಬಿದ್‌ಅತ್ ನಡೆಯುವ ಮನೆಯ ಅನ್ನ ನನಗೆ ಬೇಡ’ ಎಂದು ಹೇಳಿ ಕಳುಹಿಸಿದಳು. ‘ನಿನ್ನೆ ಮೊನ್ನೆ ಕಲಿತವಳು ನಮಗೆ ದೀನ್ ಕಲಿಸುವುದೇ?’ ಎಂದಳು ಅಕ್ಕ. ಅಂದಿನಿಂದ ಮಕ್ಕಳಿಗೂ ಚಿಕ್ಕಮ್ಮ, ದೊಡ್ಡಮ್ಮನ ಮನೆಯ ದಾರಿ ಮರೆತುಹೋಗಿದೆ.

ಇಂತಹ ಮನೆಗಳು ನಮ್ಮ ನಡುವೆ ವಿರಳವಲ್ಲ. ಆ ಆಚರಣೆಯ ಸರಿತಪ್ಪನ್ನು ವಿದ್ವಾಂಸರಿಗೆ ಬಿಡೋಣ. ನಮ್ಮ ಪ್ರಶ್ನೆ ಬೇರೆ: ಧರ್ಮದ ಹೆಸರಿನಲ್ಲಿ ರಕ್ತ ಸಂಬಂಧವನ್ನು ಕಡಿದುಕೊಂಡರೆ ಅದು ಧರ್ಮವಾಗುತ್ತದೆಯೇ?

ಹ. ಅಸ್ಮಾ(ರ)ರ ತಾಯಿ ಕುತೈಲಾ ಬಹುದೇವಾರಾಧಕರಾಗಿದ್ದರು. ಹಿಜರಿ 6ರ ಹುದೈಬಿಯಾ ಒಪ್ಪಂದದ ನಂತರದ ದಿನಗಳಲ್ಲಿ ಅವರು ಮಗಳನ್ನು ಕಾಣಲು ಮದೀನಕ್ಕೆ ಬಂದರು. ಇಂತಹ ತಾಯಿಯೊಂದಿಗೆ ಸಂಬಂಧ ಉಳಿಸಿಕೊಳ್ಳಬಹುದೇ ಎಂದು ಅಸ್ಮಾ(ರ) ಪ್ರವಾದಿಯವರಲ್ಲಿ(ಸ) ಕೇಳಿದರು. ಉಳಿಸಿಕೊಳ್ಳಬೇಕೆಂಬ ಉತ್ತರವೇ ಸಿಕ್ಕಿತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ. ವಿಶ್ವಾಸವನ್ನೇ ಒಪ್ಪದ ತಾಯಿಗೆ ತೆರೆದ ಬಾಗಿಲನ್ನು, ಒಂದೇ ಕಿಬ್ಲಾದತ್ತ ಮುಖ ಮಾಡುವ ಅಕ್ಕನಿಗೆ ನಾವು ಮುಚ್ಚುವುದು ಹೇಗೆ?

‘ಹಾಗಾದರೆ ತಪ್ಪೆಂದು ಕಂಡದ್ದಕ್ಕೂ ತಲೆಯಾಡಿಸಬೇಕೇ?’ ಎಂದು ತಂಗಿ ಕೇಳಬಹುದು. ಬೇಕಿಲ್ಲ. ಆ ದಿನ ಹೋಗದಿರುವುದು ಅವಳ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ಮರುದಿನ ಹೋಗಬಹುದಿತ್ತಲ್ಲವೇ? ತಾಯಿಯನ್ನು ಕಳೆದುಕೊಂಡವಳು ಅಕ್ಕನೂ ಹೌದು. ತಪ್ಪಿನಿಂದ ದೂರವಿರುವುದು ಬೇರೆ, ಒಡಹುಟ್ಟಿದವಳಿಂದ ದೂರವಾಗುವುದು ಬೇರೆ. ಬಂದು ಹೋಗುವವರ ಉಪದೇಶವಾದರೂ ಒಂದು ದಿನ ನಾಟೀತು. ಬಾಗಿಲಿಗೇ ಬಾರದವರದ್ದು ನಾಟದು. ಇತ್ತ ಅಕ್ಕನೂ ತಂಗಿಯ ನಮಾಝ್ ಕಂಡು ಸಂತೋಷಪಡಬೇಕಿತ್ತು, ಹಂಗಿಸಬಾರದಿತ್ತು.

ದೂರವಾದ ಮೇಲೆ ಇಬ್ಬರೂ ನೆಂಟರ ಮನೆಗಳಲ್ಲಿ ಆಡಿದ ಮಾತುಗಳು ಗಾಯವನ್ನು ಇನ್ನಷ್ಟು ಆಳ ಮಾಡಿದವು. ಹ. ಆಇಶಾ(ರ)ರ ಮೇಲೆ ಅಪವಾದ ಬಂದಾಗ ಹ. ಝೈನಬ್ ಬಿನ್ತ್ ಜಹ್ಶ್(ರ) ಅವರಲ್ಲಿ ಒಳಿತನ್ನಲ್ಲದೆ ಬೇರೇನನ್ನೂ ಕಂಡಿಲ್ಲವೆಂದು ಹೇಳಿ ನಾಲಗೆಯನ್ನು ಕಾಯ್ದುಕೊಂಡರು. ಆದರೆ ಝೈನಬ್‌ರ ಸಹೋದರಿ ಹಮ್ನಾ(ರ), ಒಡಹುಟ್ಟಿದವಳ ಪರ ನಿಲ್ಲಲು ಹೋಗಿ ಅಪವಾದ ಹರಡುವವರೊಂದಿಗೆ ಸೇರಿದರು. ಝೈನಬ್‌ರನ್ನು ಕಾಪಾಡಿದ್ದು ಅವರ ಧರ್ಮನಿಷ್ಠೆಯೆಂದು ಸ್ವತಃ ಆಇಶಾ(ರ) ಹೇಳಿದ್ದಾರೆ. ಉಡುಪಿನಲ್ಲಿ ಮಾತ್ರವಲ್ಲ, ನಾಲಗೆಯಲ್ಲೂ ಧರ್ಮನಿಷ್ಠೆ ಕಾಣಬೇಕು.

ಮುನಿಸು ಮೂರು ದಿನಗಳನ್ನು ಮೀರಬಾರದು, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವರೇ ಉತ್ತಮರು ಎಂದು ಪ್ರವಾದಿ(ಸ) ಕಲಿಸಿದರು. ಯಾರದು ಸರಿ ಎಂದು ತೀರ್ಮಾನವಾಗುವ ತನಕ ಕಾಯಲು ಅವರು ಹೇಳಲಿಲ್ಲ. ಆ ತೀರ್ಮಾನ ಅಲ್ಲಾಹನ ಬಳಿ ಆಗಲಿದೆ. ಸಹೋದರಿಯರೇ, ಸಲಾಮ್ ಮಾತ್ರ ನಮ್ಮ ಕೈಯಲ್ಲಿದೆ. ಅದು ಇಂದೇ ಆಗಲಿ.